ಉಸಿರಿಗೆ ಜಾಗ ಬಿಟ್ಟು ಉಡು

ಉಡುಪಿ
ಡಿಸೆಂಬರ್ ಮೊದಲ ವಾರ

ಮುದ್ದು ಪುಟ್ಟಿ,

ಮೊನ್ನೆ ರಾತ್ರಿ ನೀನು ಕಳಿಸಿದ, ಕ್ರಿಸ್ಮಸ್ಸಿಗೆ ನಿಮ್ಮ ಕ್ವಾಯರಿನ ಹೆಂಗಸರೆಲ್ಲ ಉಡುವ ಸೀರೆಯ ಫೋಟೊವನ್ನು ಕನ್ನಡಕ ಹಾಕಿಕೊಂಡು, ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ. ಬಣ್ಣ ಚೆಂದ ಉಂಟು. ದಾಳಿಂಬೆಗೆಂಪಿಗೆ ಅಗಲ ಜರಿಯಂಚು, ನಿನ್ನ ಮೈಬಣ್ಣಕ್ಕೆ ಒಪ್ಪುತ್ತದೆ. ಬರುವ ಭಾನುವಾರ ಎಲ್ಲರೂ ದುಡ್ಡು ಕೊಡಬೇಕು, ಆಮೇಲೆ ಒಟ್ಟಿಗೆ ತರಿಸುತ್ತಾರೆ ಎಂದಿ. ಹಾಗಾದರೆ ಈ ಕಾಗದ ಅದಕ್ಕೆ ಮೊದಲೇ ನಿನ್ನ ಕೈಗೆ ಸಿಗಲಿ ಎಂದು ಬೆಳಿಗ್ಗೆಯೇ ಬರೆಯಲು ಕೂತಿದ್ದೇನೆ.

ಬೆಂಗಳೂರಿಗೆ ಹೋಗಿ ವರ್ಷ ತುಂಬುವ ಮೊದಲೇ ನೀನು ಅಲ್ಲಿಯ ಚರ್ಚಿನ ಕ್ವಾಯರ್ ಸೇರಿದ್ದು, ಅದರಲ್ಲೂ ಆಲ್ಟೊ ಸಾಲಿಗೇ ನಿಂತದ್ದು ನನಗೆ ಎಷ್ಟು ಸಂತೋಷ ಕೊಟ್ಟಿತೆಂದು ಫೋನಿನಲ್ಲಿ ಹೇಳಲಾಗಲಿಲ್ಲ. ಸೊಪ್ರಾನೊದವರ ರಾಗ ಎಲ್ಲರ ಕಿವಿಗೂ ಬೀಳುತ್ತದೆ, ಆರಾಧನೆ ಮುಗಿಸಿ ಹೋಗುವಾಗ ಮಕ್ಕಳು ಅದನ್ನೇ ಗುನುಗುತ್ತಾರೆ. ಅದರ ಕೆಳಗಿನ ಸ್ವರದಲ್ಲಿ ಹಾಡುವ ಆಲ್ಟೊ ಹಾಗಲ್ಲ, ಅದು ಸಾರಿಗೆ ಹಾಕಿದ ಉಪ್ಪು. ಇದ್ದಾಗ ಯಾರೂ ಅದರ ಹೆಸರು ಎತ್ತುವುದಿಲ್ಲ. ಮೂವತ್ತೆರಡು ವರ್ಷ ನಾನು ಆ ಸಾಲಿನಲ್ಲಿ ನಿಂತು ಹಾಡಿದೆ. ಮದುವೆಯ ಮೊದಲು, ಮದುವೆಯ ನಂತರ, ನಿನ್ನ ಅಪ್ಪ ಹೊಟ್ಟೆಯಲ್ಲಿದ್ದಾಗ ಕೂಡ.

ನೀನು ಕೇಳಿದ್ದು ಮೂರು ಪ್ರಶ್ನೆ. ರವಿಕೆ ಹೇಗೆ ಹೊಲಿಸಲಿ, ಹೀಲ್ಸ್ ಹಾಕಲಾ, ಮಲ್ಲಿಗೆ ಮುಡಿಯಲಾ? ಇದರ ನಡುವೆ ಇನ್ನೊಂದು ಮಾತು ಹೇಳಿದಿ, ಹೇಳಿದ್ದು ನಿನಗೆ ನೆನಪೂ ಇರಲಿಕ್ಕಿಲ್ಲ. "ಅಜ್ಜಿ, ನನ್ನ ಪಕ್ಕ ನಿಲ್ತಾ ಇದ್ದವಳು ಗಂಟಲು ಸರಿ ಇಲ್ಲ ಅಂತ ಈ ಸಲ ಹಾಡುವುದಿಲ್ಲವಂತೆ." ಆ ಮಾತಿಗೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ನೀನು ಕೇಳಿದ್ದು.

ರವಿಕೆಯ ವಿಷಯ. ದರ್ಜಿಗೆ ಅಳತೆ ಕೊಡುವಾಗ ಹೆಂಗಸರು ಎಲ್ಲರೂ ಹೊಟ್ಟೆ ಒಳಗೆ ಎಳೆದುಕೊಂಡು ನಿಲ್ಲುತ್ತಾರೆ. ಹಾಡುವವಳು ಹಾಗೆ ಮಾಡಬಾರದು. ಮೂಗಿನಿಂದ ನಿಧಾನವಾಗಿ ಉಸಿರು ತುಂಬಿಕೋ, ಎರಡೂ ಕಡೆ ಪಕ್ಕೆಲುಬು ಅಗಲವಾಗಲಿ, ಆಮೇಲೆ ಟೇಪು ಸುತ್ತಲು ಹೇಳು. ನಾವು ಉಸಿರೆಳೆದಾಗ ಎದೆಗೂಡಿನ ಬುಡದಲ್ಲಿರುವ ವಪೆ ಕೆಳಗಿಳಿಯುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಪಕ್ಕೆ ಹಿಗ್ಗುತ್ತದೆ. ಅದಕ್ಕೆ ಜಾಗವಿಲ್ಲದ ಬಟ್ಟೆ ತೊಟ್ಟರೆ ಉಸಿರು ಎದೆಯ ಮೇಲ್ಭಾಗದಲ್ಲೇ ಸಿಕ್ಕಿಕೊಳ್ಳುತ್ತದೆ, ಭುಜ ಮೇಲೇಳುತ್ತದೆ, ಉದ್ದ ಸ್ವರದ ಬಾಲದಲ್ಲಿ ಶ್ರುತಿ ಇಳಿಯುತ್ತದೆ. ಕ್ವಾಯರ್ ನಡೆಸುವವರು "ಆಲ್ಟೊ ಫ್ಲ್ಯಾಟ್ ಆಗ್ತಿದೆ" ಎಂದು ಗದರುತ್ತಾರೆ. ತಪ್ಪು ಆಲ್ಟೊದ್ದಲ್ಲ, ರವಿಕೆಯದು.

ರವಿಕೆಗಿಂತ ದೊಡ್ಡ ಶತ್ರು ಲಂಗದ ಲಾಡಿ. ಸೀರೆ ಜಾರೀತು ಎಂಬ ಭಯಕ್ಕೆ ನಾವು ಅದನ್ನು ಸೊಂಟಕ್ಕೆ ಹಗ್ಗ ಬಿಗಿದ ಹಾಗೆ ಬಿಗಿಯುತ್ತೇವೆ. ಉಸಿರು ತುಂಬಿಕೊಂಡು ಕಟ್ಟು. ಕಟ್ಟಿದ ಮೇಲೆ ಒಂದು ಪೂರ್ತಿ ಚರಣ ಹಾಡಿ ನೋಡು, ಆಮೇಲೆ ನೆರಿಗೆ ಸಿಕ್ಕಿಸು. ಲಾಡಿಯ ಬದಲು ಅಗಲ ಪಟ್ಟಿಯ ಲಂಗ ಸಿಕ್ಕರೆ ಇನ್ನೂ ಒಳ್ಳೆಯದು. ಸೆರಗು ಭುಜದಲ್ಲಿ ಪಿನ್ ಮಾಡು. ಫೈಲ್ ಹಿಡಿದ ಕೈಗೆ ಸೆರಗು ಜಾರಿ ಬಂದರೆ ಪುಟ ತಿರುಗಿಸುವುದು ಹೇಗೆ?

ಚಪ್ಪಲಿ ಚಪ್ಪಟೆ ಇರಲಿ. ಎತ್ತರದ ಹಿಮ್ಮಡಿ ಬೆನ್ನನ್ನು ಬಗ್ಗಿಸುತ್ತದೆ, ಕ್ಯಾರಲ್ ಸರ್ವಿಸ್ ಎಂದರೆ ಗಂಟೆಗಟ್ಟಲೆ ನಿಲ್ಲುವ ಕೆಲಸ. ಮೊಣಕಾಲನ್ನು ಹಿಂದಕ್ಕೆ ಒತ್ತಿ ಕಂಬದ ಹಾಗೆ ನಿಲ್ಲಬೇಡ. ರಕ್ತ ಕಾಲಿನಲ್ಲೇ ಉಳಿದು ಕಣ್ಣು ಕತ್ತಲೆ ಬರುತ್ತದೆ. ನನ್ನ ಮುಂದಿನ ಸಾಲಿನ ಹುಡುಗನೊಬ್ಬ ಹೀಗೆ ನಿಂತು, ಬೈಬಲಿನ ಮೂರನೆಯ ಪಾಠ ಓದುವಾಗ ಸದ್ದಿಲ್ಲದೆ ಕುಸಿದದ್ದನ್ನು ನೋಡಿದ್ದೇನೆ. ಮೊಣಕಾಲು ಒಂದು ಚೂರು ಸಡಿಲ ಇರಲಿ.

ಮಲ್ಲಿಗೆ. ಇಲ್ಲಿ ನಾನು ಕಠಿಣ, ಬೇಸರಿಸಬೇಡ. ಶಂಕರಪುರದ ಮಲ್ಲಿಗೆ ನಮ್ಮ ಮನೆಯ ಹೆಂಗಸರಿಗೆ ಎಂಥ ಪ್ರಾಣ ಎಂದು ನಿನಗೆ ಗೊತ್ತು. 4 ಚೆಂಡು ಸೇರಿದರೆ ಒಂದು ಅಟ್ಟೆ. ಡಿಸೆಂಬರಿನಲ್ಲಿ ಆ ಅಟ್ಟೆಯ ದರ ಕೇಳಿಯೇ ನಿನ್ನ ಅಜ್ಜ ಪೇಟೆಯಿಂದ ಬರಿಗೈಯಲ್ಲಿ ಬಂದು, ನನ್ನ ಮುಖ ನೋಡಿ ಪುನಃ ಹೋಗಿ ತಂದದ್ದುಂಟು. ಆದರೆ ಕ್ವಾಯರಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ನಿನ್ನ ಜಡೆಯ ಪರಿಮಳ ಹಿಂದಿನ ಸಾಲಿನವಳ ಮೂಗಿಗೆ ಒಂದು ಗಂಟೆ ಹೊತ್ತು ತಾಗುತ್ತಾ ಇರುತ್ತದೆ, ಅವಳಿಗೆ ಸೀನು ಬಂದರೆ ಅವಳ ಹಾಡು ಹೋಯಿತು. ಸೆಂಟಿಗೂ ಇದೇ ಮಾತು. ಹಾಡು ಮುಗಿದ ಮೇಲೆ ಮುಡಿ. ಒದ್ದೆ ಬಾಳೆಲೆಯಲ್ಲಿ ಸುತ್ತಿಟ್ಟರೆ ಬಾಡುವುದಿಲ್ಲ.

ಗಾಜಿನ ಬಳೆ ಬೇಡ, ಗೆಜ್ಜೆ ಬೇಡ. ಕೂದಲು ಕಿವಿಯ ಹಿಂದೆ ಇರಲಿ. ನಮ್ಮ ಕಾಲದಲ್ಲಿ ದೊಡ್ಡವರು ದೇವಾಲಯದೊಳಗೆ ತಲೆಯ ಮೇಲೆ ಸೆರಗು ಹೊದೆಯಬೇಕೆನ್ನುತ್ತಿದ್ದರು. ನಾವೂ ಹೊದೆಯುತ್ತಿದ್ದೆವು, ಆದರೆ ಹಾಡಲು ಎದ್ದಾಗ ಕಿವಿಯಿಂದ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದೆವು. ಕ್ವಾಯರಿನಲ್ಲಿ ಹಾಡುವುದು ಬಾಯಿಯಿಂದ ಅರ್ಧ, ಕಿವಿಯಿಂದ ಅರ್ಧ. ಪಕ್ಕದವಳ ಸ್ವರ ಕೇಳದಿದ್ದರೆ ನಿನ್ನ ಸ್ವರ ಎಲ್ಲಿ ಇಡಬೇಕೆಂದು ನಿನಗೆ ತಿಳಿಯುವುದಿಲ್ಲ. ಪಕ್ಕದವಳು ಎಂದೆ. ಆ ಮಾತಿಗೆ ಬರಬೇಕು, ಇನ್ನು ಸ್ವಲ್ಪ ಹೊತ್ತು.

ನಿನ್ನ ಅಪ್ಪ ಮೊನ್ನೆ ಕೇಳಿದ: "ಅಮ್ಮಾ, ದೇವರು ಬಟ್ಟೆ ನೋಡ್ತಾನಾ? ಇವರಿಗೆಲ್ಲ ಒಂದೇ ಬಣ್ಣದ ಸೀರೆ ಯಾಕೆ?" ಒಳ್ಳೆಯ ಪ್ರಶ್ನೆ. ಆದರೆ ಬಟ್ಟೆಯೆಂದರೆ ಸಣ್ಣ ವಿಷಯವೆಂದು ಯಾರೂ ಹೇಳಬಾರದು, ಅದರಲ್ಲೂ ನಮ್ಮವರು ಹೇಳಬಾರದು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು, ಕೇಳು. ತಿರುವಾಂಕೂರಿನಲ್ಲಿ ಕೆಳಜಾತಿಯೆಂದು ಕರೆಸಿಕೊಂಡ ಹೆಂಗಸರು ಎದೆ ಮುಚ್ಚುವಂತಿರಲಿಲ್ಲ. ಅಲ್ಲಿಯ ನಾಡಾರ್ ಹೆಂಗಸರು ಕ್ರೈಸ್ತರಾದ ಮೇಲೆ ಕುಪ್ಪಾಯ ತೊಟ್ಟು ದೇವಾಲಯಕ್ಕೆ ಬರತೊಡಗಿದರು. ನಾವು ಕುಪ್ಪಸ ಎನ್ನುವುದನ್ನೇ ಅವರು ಕುಪ್ಪಾಯ ಎನ್ನುವುದು. ಅದಕ್ಕಾಗಿ ಮೇಲ್ಜಾತಿಯವರು ಬೀದಿಯಲ್ಲಿ ಅವರ ಬಟ್ಟೆ ಹರಿದರು, ಹೊಡೆದರು, ಗಲಭೆಯಾಯಿತು. ಹತ್ತಾರು ವರ್ಷ ನಡೆದ ಜಗಳದ ನಂತರ, 1859ರಲ್ಲಿ ಮಹಾರಾಜರು ನಾಡಾರ್ ಹೆಂಗಸರು ಮೈ ಮುಚ್ಚಿಕೊಳ್ಳಬಹುದೆಂದು ಆಜ್ಞೆ ಹೊರಡಿಸಿದರು. ಆಗಲೂ ಮೇಲ್ಜಾತಿಯವರ ಹಾಗೆ ಉಡಬಾರದೆಂಬ ಷರತ್ತು ಬಿಡಲಿಲ್ಲ. ದೇವರ ಮುಂದೆ ಮೈ ಮುಚ್ಚಿ ನಿಲ್ಲುವ ಹಕ್ಕಿಗೆ ಅಷ್ಟು ಪೆಟ್ಟು ತಿಂದಿದ್ದಾರೆ, ಮಗಾ.

ನಮ್ಮ ಊರಿನ ಕಥೆಯಲ್ಲೂ ಬಟ್ಟೆ ಉಂಟು. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರನ್ನು ಮನೆಯವರು ಹೊರಗೆ ಹಾಕಿದರು. ಒಕ್ಕಲು ಹೋಯಿತು, ಕುಲಕಸುಬು ಹೋಯಿತು. ಅವರ ಹೊಟ್ಟೆಗೆಂದು ಮಿಶನಿನವರು ಮುದ್ರಣಾಲಯ ಇಟ್ಟರು, ಮಗ್ಗ ಹಾಕಿದರು, ಆಮೇಲೆ ಹೆಂಚಿನ ಕಾರ್ಖಾನೆ. 1851ರಲ್ಲಿ ಹಾಲರ್ ಎಂಬ ನೇಯ್ಗೆ ಬಲ್ಲ ಜರ್ಮನ್ ಬಂದ ಮೇಲೆ ಬಲ್ಮಠದ ನೇಯ್ಗೆ ಚಿಗುರಿತು. ಖಾಕಿ ಬಟ್ಟೆ ಹುಟ್ಟಿದ್ದೇ ಅಲ್ಲಿ ಎಂದು ನಮ್ಮ ಹಿರಿಯರು ಈಗಲೂ ಹೆಮ್ಮೆಯಿಂದ ಹೇಳುವುದು ನೀನೂ ಕೇಳಿದ್ದೀ. ನನ್ನ ಅಜ್ಜಿಯ ಅಮ್ಮ ಅಂಥ ಮಗ್ಗದ ಮನೆಯಲ್ಲಿ ನೂಲು ಸುತ್ತುತ್ತಿದ್ದವರು. ಭಾನುವಾರಕ್ಕೆಂದು ಒಂದೇ ಒಂದು ಬಿಳಿ ಸೀರೆ ಇತ್ತಂತೆ. ಶನಿವಾರ ಸಂಜೆ ಒಗೆದು, ಗಂಜಿ ಹಾಕಿ, ಕಂಚಿನ ಚೊಂಬಿಗೆ ಕೆಂಡ ತುಂಬಿ ಉಜ್ಜುತ್ತಿದ್ದರಂತೆ. ಬೇರೆ ಬೇರೆ ಜಾತಿಯಿಂದ ಬಂದು, ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕುಡಿಯದಿದ್ದ ಜನ ಒಂದೇ ಬೆಂಚಿನಲ್ಲಿ ಕೂತು ಜರ್ಮನ್ ರಾಗಗಳಿಗೆ ಕನ್ನಡ ಹಾಡು ಹೇಳಿದರು. ಆ ಬಿಳಿ ಸೀರೆ ಅವರೆಲ್ಲರಿಗೂ ಕೈಗೆಟುಕುವ ಬಟ್ಟೆಯಾಗಿತ್ತು. ಇಷ್ಟನ್ನು ನೆನಪಿಟ್ಟುಕೊಂಡು ಮುಂದೆ ಓದು.

ಒಂದೇ ಬಟ್ಟೆಯ ಕ್ವಾಯರ್ ಬೇರೆ ಕಡೆಯೂ ಉಂಟು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಿಂಗ್ಸ್ ಕಾಲೇಜಿನ ಕ್ರಿಸ್ಮಸ್ ಆರಾಧನೆಯನ್ನು ನಿನ್ನ ಅಜ್ಜ ರೇಡಿಯೊದಲ್ಲಿ ಹುಡುಕಿ ಹಿಡಿಯುತ್ತಿದ್ದರು. ಒಂಬತ್ತು ಪಾಠ, ನಡುನಡುವೆ ಹಾಡು. ಆ ಕ್ರಮ ಮೊದಲು ಶುರುವಾದದ್ದು 1880ರಲ್ಲಿ, ಟ್ರೂರೊ ಎಂಬಲ್ಲಿ. ಕಿಂಗ್ಸ್ ಕಾಲೇಜಿಗೆ ಅದು ಬಂದದ್ದು 1918ರಲ್ಲಿ, ಮೊದಲ ಮಹಾಯುದ್ಧ ಮುಗಿದ ವರ್ಷ. ರೇಡಿಯೊಗೆ ಬಂದದ್ದು 1928ರಲ್ಲಿ. ಅಲ್ಲಿ ಹುಡುಗರು ಕೆಂಪು ನಿಲುವಂಗಿಯ ಮೇಲೆ ಬಿಳಿಯ ಸಡಿಲ ಮೇಲಂಗಿ ತೊಟ್ಟು ಸಾಲಾಗಿ ಬರುತ್ತಾರೆ. ಆ ಬಿಳಿಯ ಅಂಗಿಗೆ ಸರ್ಪ್ಲಿಸ್ ಎಂದು ಹೆಸರು. 'ತುಪ್ಪಳದ ಮೇಲೆ ತೊಡುವುದು' ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಚಳಿನಾಡಿನ ಕಲ್ಲುಕಟ್ಟಡದಲ್ಲಿ ತುಪ್ಪಳದ ಕೋಟು ಹಾಕಿಕೊಂಡೇ ಪ್ರಾರ್ಥಿಸುತ್ತಿದ್ದವರು ಅದರ ಮೇಲೆ ಇದನ್ನು ತೊಡುತ್ತಿದ್ದರು. ನಮ್ಮ ಕರಾವಳಿಯ ಬೆವರಿಗೆ ಅದು ಹೇಳಿ ಮಾಡಿಸಿದ್ದಲ್ಲ, ಬಿಡು. ಅಲ್ಲಿ ಮೊದಲ ಹಾಡಿನ ಮೊದಲ ಚರಣವನ್ನು ಒಬ್ಬನೇ ಹುಡುಗ ಹಾಡುತ್ತಾನೆ. ಆ ಹುಡುಗ ತಾನು ಎಂದು ಅವನಿಗೆ ಗೊತ್ತಾಗುವುದು ಹಾಡು ಶುರುವಾಗುವ ಗಳಿಗೆಯಲ್ಲಿ, ಸಂಗೀತ ನಿರ್ದೇಶಕರು ಸನ್ನೆ ಮಾಡಿದಾಗ. ಅಲ್ಲಿಯ ತನಕ ಎಲ್ಲ ಹುಡುಗರೂ ಸಿದ್ಧರಾಗಿ ನಿಂತಿರುತ್ತಾರೆ. ಎಲ್ಲರ ಬಟ್ಟೆಯೂ ಒಂದೇ, ಎಲ್ಲರ ತಯಾರಿಯೂ ಒಂದೇ.

ಆ ನಿಲುವಂಗಿಯ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಅಂಥ ಕ್ವಾಯರುಗಳಲ್ಲಿ ಅಂಗಿ ಹುಡುಗನದಲ್ಲ, ದೇವಾಲಯದ್ದು. ಕಪಾಟಿನಲ್ಲಿ ತೂಗಿಟ್ಟಿರುತ್ತಾರೆ, ಬಂದವನು ತನ್ನ ಅಳತೆಯದ್ದನ್ನು ತೊಟ್ಟುಕೊಳ್ಳುತ್ತಾನೆ, ಬೆಳೆದು ದೊಡ್ಡವನಾದಾಗ ಅದು ಇನ್ನೊಬ್ಬನಿಗೆ ಹೋಗುತ್ತದೆ. ಒಳಗೆ ತೊಟ್ಟ ಷರ್ಟು ಹೊಸದೋ ಹರಿದದ್ದೋ ಯಾರಿಗೂ ಕಾಣುವುದಿಲ್ಲ. ನಾವು ಒಂದೇ ಬಣ್ಣದ ಸೀರೆ ಎನ್ನುತ್ತೇವೆ, ನೋಡುವವರಿಗೆ ಅದು ಕೂಡ ಹಾಗೆಯೇ ಕಾಣುತ್ತದೆ. ಆದರೆ ಅದನ್ನು ಪ್ರತಿಯೊಬ್ಬಳೂ ತನ್ನ ದುಡ್ಡಿನಿಂದ ಕೊಳ್ಳಬೇಕು. ವ್ಯತ್ಯಾಸ ಇರುವುದು ಅಲ್ಲೇ.

ಈಗ ನಾನು ನಿನಗೆ ಈವರೆಗೆ ಹೇಳದ ಒಂದು ಸಂಗತಿ. ನಿನ್ನ ಅಪ್ಪನಿಗೂ ಹೇಳಿಲ್ಲ.

ನನಗೆ ಇಪ್ಪತ್ತೆರಡು ವರ್ಷ. ಟೀಚರ್ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು, ಕೈಯಲ್ಲಿ ಸಂಬಳವಿತ್ತು. ಕ್ರಿಸ್ಮಸ್ಸಿಗೆ ಕ್ವಾಯರಿನವರೆಲ್ಲ ಒಂದೇ ತರಹದ ಸೀರೆ ಉಟ್ಟರೆ ಎಷ್ಟು ಚೆಂದ ಎಂದು ಮಾತು ತೆಗೆದವಳು ನಾನೇ. ಆಗ ನೈಲಾನ್ ಸೀರೆಯ ಕಾಲ. ಮಂಗಳೂರಿಗೆ ಹೋಗಿ ಆಕಾಶನೀಲಿಯಲ್ಲಿ ಬೆಳ್ಳಿ ಚುಕ್ಕಿಯ ಸೀರೆ ಆರಿಸಿದವಳೂ ನಾನೇ. ಎಲ್ಲರೂ ಒಪ್ಪಿದರು. ನನ್ನ ಪಕ್ಕ ನಿಲ್ಲುತ್ತಿದ್ದ ಹುಡುಗಿಯೂ "ಚೆಂದ ಉಂಟು" ಎಂದಳು. ಅವಳ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ಕೈಗೆ ಪೆಟ್ಟಾಗಿ ಆ ವರ್ಷ ಮನೆಯಲ್ಲಿದ್ದರು. ಅವಳು, ಅವಳ ಅಮ್ಮ, ತಂಗಿ ಸೇರಿ ಬೀಡಿ ಕಟ್ಟುತ್ತಿದ್ದರು. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನ ತಲೆಗೆ ಹೋಗಲಿಲ್ಲ.

ಆ ಹುಡುಗಿಯ ಕಿವಿ ಎಂಥದ್ದೆಂದು ಹೇಳಬೇಕು. ಡೋ-ರೇ-ಮಿ ಅಕ್ಷರ ಬರೆದ ಕಾಗದವನ್ನು ಒಂದು ಸಲ ನೋಡಿದರೆ ಅವಳಿಗೆ ಸಾಕಿತ್ತು. ನಾನು ಎರಡು ವಾರ ಒದ್ದಾಡಿ ಕಲಿಯುತ್ತಿದ್ದ ಸಾಲನ್ನು ಅವಳು ಒಂದೇ ಸಂಜೆಯಲ್ಲಿ ಹಿಡಿಯುತ್ತಿದ್ದಳು. ನಿಜ ಹೇಳಬೇಕೆಂದರೆ, ನಾನು ಹಾಡುತ್ತಿದ್ದದ್ದು ಅವಳ ಸ್ವರಕ್ಕೆ ಒರಗಿಕೊಂಡು.

ಡಿಸೆಂಬರ್ ಎರಡನೆಯ ವಾರ ಅವಳು ಅಭ್ಯಾಸಕ್ಕೆ ಬರಲಿಲ್ಲ. ಗಂಟಲು ಸರಿಯಿಲ್ಲ ಎಂದು ತಂಗಿಯ ಹತ್ತಿರ ಹೇಳಿ ಕಳಿಸಿದಳು. ನಾನು ನಂಬಿದೆ. ಕಾಳುಮೆಣಸಿನ ಕಷಾಯ ಮಾಡಿ ಕುಡಿಯಲು ಹೇಳು ಎಂದೆ. ಕ್ಯಾರಲ್ ಸರ್ವಿಸ್ ಆಯಿತು. ನಾವೆಲ್ಲ ನೀಲಿ ಸೀರೆಯಲ್ಲಿ ಮಿಂಚುತ್ತಾ ನಿಂತೆವು, ಜನ ಹೊಗಳಿದರು, ಫೋಟೊ ತೆಗೆಸಿಕೊಂಡೆವು. ಆ ಫೋಟೊ ನಮ್ಮ ಹಾಲ್‌ನ ಗೋಡೆಯಲ್ಲಿ ಇಲ್ಲವಲ್ಲ, ಯಾಕೆಂದು ನೀನು ಯಾವತ್ತೂ ಕೇಳಲಿಲ್ಲ.

ಹಬ್ಬದ ಮಾರನೆಯ ದಿನ ತಟ್ಟೆಯಲ್ಲಿ ತುಕ್ಕುಡಿ, ರೋಸ್ ಕುಕ್ಕೀಸ್ ತುಂಬಿಸಿಕೊಂಡು ಅವರ ಮನೆಗೆ ಹೋದೆ. ದಣಪೆ ದಾಟುವಾಗಲೇ ಹಾಡು ಕೇಳಿತು. ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಬೀಡಿ ಸುತ್ತುತ್ತಾ ಅವಳು ಹಾಡುತ್ತಿದ್ದಳು. ಸೊಪ್ರಾನೊದ ರಾಗವಲ್ಲ. ನಮ್ಮ ಆಲ್ಟೊ ಸಾಲು, ಬೇರೆ ಯಾವ ಸ್ವರವೂ ಇಲ್ಲದೆ ಬರೀ ಅದೊಂದೇ, ಮೊದಲಿನಿಂದ ಕೊನೆಯ ತನಕ. ಗಂಟಲಲ್ಲಿ ಒಂದು ಗೀರೂ ಇರಲಿಲ್ಲ. ನನ್ನನ್ನು ಕಂಡು ನಿಲ್ಲಿಸಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ಕೂತ್ಕೋ, ಚಾ ಮಾಡ್ತೇನೆ" ಎಂದು ಎದ್ದು ಒಳಗೆ ಹೋದಳು. ನಾನು ಆ ಮೊರದ ಪಕ್ಕ ಕೂತು, ಕಟ್ಟಿಟ್ಟ ಬೀಡಿಗಳನ್ನು ನೋಡುತ್ತಾ, ಆಕಾಶನೀಲಿ ಸೀರೆಗೆ ಎಷ್ಟು ಸಾವಿರ ಬೀಡಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ಲೆಕ್ಕ ಸೀರೆ ಆರಿಸುವ ಮೊದಲೇ ಹಾಕಬೇಕಾಗಿತ್ತು.

ಕ್ಷಮೆ ಕೇಳಿದೆನೋ ಎಂದರೆ, ಬಾಯಿಂದ ಕೇಳಲಿಲ್ಲ. ಕೇಳಿದರೆ ಅವಳು ಗಂಟಲಿನ ಸುಳ್ಳನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು. ಮರುವರ್ಷ ಬಿಳಿ ಸೀರೆ ಸಾಕು, ಯಾರ ಮನೆಯಲ್ಲಿದ್ದರೂ ಆದೀತು ಎಂದು ಕ್ವಾಯರಿನಲ್ಲಿ ಹಟ ಹಿಡಿದೆ. ಬಂದಳು, ಹಾಡಿದಳು. ಅದಾದ ಮೇಲೆ ಮದುವೆಯಾಗಿ ಮುಂಬೈಗೆ ಹೋದಳು. ಈಗ ಇಲ್ಲ.

ಪುಟ್ಟಿ, ನಿನ್ನ ಪಕ್ಕದವಳ ಗಂಟಲು ನಿಜವಾಗಿಯೂ ಕೆಟ್ಟಿರಬಹುದು. ಹಾಗಿದ್ದರೆ ದೇವರು ಅವಳನ್ನು ಬೇಗ ಗುಣ ಮಾಡಲಿ. ಆದರೆ ಅವಳು ಪಿಜಿಯಲ್ಲಿ ಇದ್ದುಕೊಂಡು, ಊರಿಗೆ ದುಡ್ಡು ಕಳಿಸುತ್ತಾಳೆ ಎಂದು ಅಕ್ಟೋಬರಿನಲ್ಲಿ ನೀನೇ ಹೇಳಿದ್ದಿ. ಸೀರೆಗೆ 4,500 ರೂಪಾಯಿ ಎಂದು ಮೊನ್ನೆ ಹೇಳಿದಿ. ರವಿಕೆಯ ಹೊಲಿಗೆ ಬೇರೆ. ಸೀರೆಯ ಮಾತು ಎದ್ದದ್ದು ಯಾವ ವಾರ, ಅವಳ ಗಂಟಲು ಕೆಟ್ಟದ್ದು ಯಾವ ವಾರ ಎಂದು ನೀನೇ ಸೇರಿಸಿ ನೋಡು.

ಅವಳ ಸೀರೆಗೆ ದುಡ್ಡು ಕೊಡುತ್ತೇನೆಂದು ಮಾತ್ರ ಹೋಗಬೇಡ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರೂ ಅವಳು ಅದನ್ನು ಉಟ್ಟುಕೊಂಡು ನಿನ್ನ ಪಕ್ಕ ನಿಲ್ಲುವಾಗ ಲಾಡಿಗಿಂತ ಬಿಗಿಯಾಗಿ ಅದು ಅವಳ ಉಸಿರು ಹಿಡಿಯುತ್ತದೆ. ಅವಳ ಹೆಸರನ್ನೂ ಎಲ್ಲರ ಮುಂದೆ ಎತ್ತಬೇಡ. ಬದಲು, ಕ್ವಾಯರ್ ನಡೆಸುವವರ ಹತ್ತಿರ ಒಬ್ಬಳೇ ಹೋಗಿ ಹೀಗೆ ಹೇಳು: ನಮ್ಮ ಅಜ್ಜಿ ಎಲ್ಲರಿಗೂ ಕೆಂಪು ಶಾಲು ಹೊಲಿದು ಕಳಿಸುತ್ತಿದ್ದಾರೆ, ಅವರಿಗೆ ಅದೊಂದು ಆಸೆ, ಸೀರೆ ಮನೆಯಲ್ಲಿರುವ ಬಿಳಿಯದೋ ಕೆನೆ ಬಣ್ಣದ್ದೋ ಸಾಕು. ಶಾಲು ಎರಡೂ ಭುಜದ ಮೇಲೆ ಇಳಿಬಿಟ್ಟು ಒಳಗಿನಿಂದ ಪಿನ್ ಮಾಡಿದರೆ, ಕೆಳಗಿನ ಸೀರೆ ಕಾಟನ್ನೋ ರೇಷ್ಮೆಯೋ ಹತ್ತನೆಯ ಬೆಂಚಿನಿಂದ ಯಾರಿಗೂ ತಿಳಿಯುವುದಿಲ್ಲ. ಹಾಡು ಮುಗಿದ ಮೇಲೆ ಶಾಲುಗಳನ್ನು ಮಡಚಿ ಕ್ವಾಯರಿನ ಕಪಾಟಿನಲ್ಲೇ ಇಡಿ, ಯಾರೂ ಮನೆಗೆ ಒಯ್ಯುವುದು ಬೇಡ. ಮುಂದಿನ ವರ್ಷ ಹೊಸದಾಗಿ ಬಂದವಳು ಎತ್ತಿ ಹೊದ್ದುಕೊಳ್ಳಲಿ.

ಅವರು ಒಪ್ಪದಿರಬಹುದು. ಫೋಟೊದಲ್ಲಿ ಜರಿಯಷ್ಟು ಚೆಂದ ಕಾಣುವುದಿಲ್ಲ ಎನ್ನಬಹುದು. ನಾನು ಇಪ್ಪತ್ತೆರಡರಲ್ಲಿ ಹಾಗೆಯೇ ಹೇಳುತ್ತಿದ್ದೆ. ಆಗ ಇನ್ನೊಮ್ಮೆ ಕೇಳು, ನಗುಮುಖದಿಂದ ಕೇಳು.

ಒಪ್ಪಿದರೆ ಆ ಸಂಜೆಯೇ ಅವಳ ಪಿಜಿಗೆ ಹೋಗು. ಗಂಟಲು ಹೇಗುಂಟು ಎಂದು ಕೇಳಬೇಡ. ಸೀರೆ ಬದಲಾಯಿತು ಎಂಬುದನ್ನು ಸುದ್ದಿ ಮಾಡಬೇಡ, ಮಾತಿನ ನಡುವೆ ಬಂದು ಹೋಗಲಿ. ಎರಡನೆಯ ಹಾಡಿನ ನಡುವೆ ನಿನಗೆ ಸ್ವರ ಸಿಗುವುದಿಲ್ಲ ಎಂದು ಫೋನಿನಲ್ಲಿ ಅತ್ತಿದ್ದಿಯಲ್ಲ, ಅದನ್ನು ಹೇಳಿಕೊಡಲು ಕೇಳು. ಅದು ಸುಳ್ಳಲ್ಲವಲ್ಲ.

ನಾನು ನಿನ್ನೆಯೇ ಪೇಟೆಗೆ ಹೋಗಿ ಬಟ್ಟೆ ತಂದೆ. ತೆಳು ಹತ್ತಿ, ಭಾರವಿಲ್ಲ. ಬಣ್ಣ ಬಿಡುತ್ತದೋ ಎಂದು ಉಪ್ಪುನೀರಿನಲ್ಲಿ ನೆನೆಸಿ, ಈಗ ಹಿತ್ತಿಲಿನ ತಂತಿಯಲ್ಲಿ ಒಣಗಿಸಿದ್ದೇನೆ. ಮಧ್ಯಾಹ್ನ ಅಂಚು ಮಡಿಸಿ ಹೊಲಿಯಲು ಕೂರುತ್ತೇನೆ. ನಾಡಿದ್ದು ರಾತ್ರಿಯ ಬಸ್ಸಿಗೆ ಪಾರ್ಸೆಲ್ ಹಾಕಿಸುತ್ತಾನೆ ನಿನ್ನ ಅಪ್ಪ. ಜೊತೆಗೆ ಒಂದು ಡಬ್ಬಿ ತುಕ್ಕುಡಿ ಇಟ್ಟಿದ್ದೇನೆ. ಎಣ್ಣೆಯದ್ದು, ಹಾಡು ಮುಗಿಯುವ ತನಕ ಮುಟ್ಟಬೇಡ.

ಕ್ವಾಯರಿನಲ್ಲಿ ಈಗ ಹೆಂಗಸರು ಒಂಬತ್ತು ಮಂದಿ ಎಂದಿ. ನಾನು ಹತ್ತು ಶಾಲು ಕತ್ತರಿಸಿದ್ದೇನೆ.

ನಿನ್ನ ಪ್ರೀತಿಯ
ಅಜ್ಜಿ